ಕ್ಲಾರಿನೆಟ್‌ನ ಹಳೇ ಪ್ಯಾಡ್ ಮನೆಯಲ್ಲೇ ಬದಲಿಸುವುದು: ಒಂದು ಸಲಕ್ಕೆ ಒಂದೇ ಕೀ

ಆಗಸ್ಟ್ ಕೊನೆ ಬಂತು ಅಂದ್ರೆ ನಮ್ಮ ಕಡೆ ಬ್ಯಾಂಡ್‌ನಲ್ಲಿ ನುಡಿಸುವ ಹುಡುಗರಿಂದ ಒಂದೇ ಥರದ ದೂರು ಶುರುವಾಗುತ್ತದೆ. ‘ಮಾಸ್ಟ್ರೇ, ಕೆಳಗಿನ ಸ್ವರ ಬರ್ತಾನೇ ಇಲ್ಲ. ರೀಡ್ ಬದಲಿಸಿ ನೋಡಿದೆ, ಆದ್ರೂ ಬರ್ತಿಲ್ಲ.’ ಸೆಪ್ಟೆಂಬರ್ 8ಕ್ಕೆ ಮೊಂತಿ ಫೆಸ್ತ್, ಅಂದ್ರೆ ಕರಾವಳಿಯ ಕ್ರೈಸ್ತರ ತೆನೆ ಹಬ್ಬ. ಅಲ್ಲಿಂದ ಮದುವೆ, ಚರ್ಚ್ ಹಬ್ಬ ಅಂತ ಒಂದರ ಹಿಂದೆ ಒಂದು. ಜೂನ್‌ನಿಂದ ಪೆಟ್ಟಿಗೆಯಲ್ಲೇ ಇದ್ದ ಕ್ಲಾರಿನೆಟ್ ಹೊರಗೆ ಬರುವುದು ಆಗ. ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಸುರಿಯುತ್ತದೆ, ಅದರಲ್ಲಿ ಮುಕ್ಕಾಲು ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಚಪ್ಪಲಿಗೆ, ಬೆಲ್ಟಿಗೆ, ಪುಸ್ತಕಕ್ಕೆ ಬೂಷ್ಟು ಹಿಡಿಯುವ ಕಾಲದಲ್ಲಿ ಉಣ್ಣೆಯ ಫೆಲ್ಟ್ ಮತ್ತು ತೆಳು ಪೊರೆಯಿಂದ ಮಾಡಿದ ಪ್ಯಾಡ್ ಮಾತ್ರ ಹೇಗೆ ಉಳಿದೀತು?

ಪ್ಯಾಡ್ ಅಂದ್ರೆ ಕೀಯ ಲೋಹದ ಬಟ್ಟಲೊಳಗೆ ಕೂತು ತೂತನ್ನು ಮುಚ್ಚುವ ಆ ಪುಟ್ಟ ಬಿಳಿ ಬಿಲ್ಲೆ. ಅಡಿಗೆ ರಟ್ಟು, ಮೇಲೆ ಫೆಲ್ಟ್, ಅದರ ಮೇಲೆ ಪ್ರಾಣಿಯ ಕರುಳಿನ ತೆಳು ಪೊರೆ. ಪೇಟೆಯಲ್ಲಿ ಅದಕ್ಕೆ ಫಿಶ್ ಸ್ಕಿನ್ ಪ್ಯಾಡ್, ಬ್ಲಾಡರ್ ಪ್ಯಾಡ್ ಅಂತ ಹೆಸರು. ಕ್ಲಾರಿನೆಟ್ ಸುಮಾರು 1700ರ ಹೊತ್ತಿಗೆ ಜರ್ಮನಿಯಲ್ಲಿ ಹುಟ್ಟಿದರೂ ಅದಕ್ಕೆ ತುಂಬಾ ಕಾಲ ಕೆಲವೇ ಕೀಗಳಿದ್ದವು. ಚಪ್ಪಟೆ ಚರ್ಮದ ತುಂಡು ಗಾಳಿ ಸೋರದ ಹಾಗೆ ಮುಚ್ಚುತ್ತಿರಲಿಲ್ಲ, ಹಾಗಾಗಿ ತೂತು ಜಾಸ್ತಿಯಾದಷ್ಟೂ ಸೋರಿಕೆ ಜಾಸ್ತಿ. 1812ರಲ್ಲಿ ಕ್ಲಾರಿನೆಟ್ ವಾದಕ ಇವಾನ್ ಮ್ಯೂಲರ್ 13 ಕೀಗಳ ಕ್ಲಾರಿನೆಟ್ಟನ್ನು ಪ್ಯಾರಿಸಿನಲ್ಲಿ ತೋರಿಸಿದನಲ್ಲ, ಅದು ಸಾಧ್ಯವಾಗಿದ್ದೇ ಒಳಗೆ ಮೆತ್ತನೆಯದು ತುಂಬಿದ ಪ್ಯಾಡ್‌ನಿಂದ. ಇವತ್ತಿನ 17 ಕೀಗಳ ಬೋಮ್ (ಇದು ಕೀ ಜೋಡಣೆಯ ಹೆಸರು) ಕ್ಲಾರಿನೆಟ್ಟೂ ಅಷ್ಟೇ, ಪೂರ್ತಿ ಪ್ಯಾಡ್‌ಗಳ ಮೇಲೇ ನಿಂತಿದೆ. ಒಂದು ಪ್ಯಾಡ್ ಸೋರಿದರೆ ಅದರ ಕೆಳಗಿನ ಸ್ವರಗಳೆಲ್ಲ ಕೆಡುತ್ತವೆ. ಎಲ್ಲ ಪ್ಯಾಡ್‌ಗಳೂ ಮುಚ್ಚಬೇಕಾದ ಲೋ ಇ, ಅಂದ್ರೆ ಎಲ್ಲಕ್ಕಿಂತ ಕೆಳಗಿನ ಸ್ವರವೇ ಮೊದಲು ಕೈಕೊಡುವುದು ಅದಕ್ಕೇ.

ರಿಪೇರಿಯವರು ಇಲ್ಲ ಅಂತಲ್ಲ. ಆದರೆ ಮಂಗಳೂರಿಗೆ ಹೋಗಿ ಕೊಟ್ಟು ಬರಬೇಕು, ವಾರ ಬಿಟ್ಟು ಮತ್ತೆ ತರಲಿಕ್ಕೆ ಹೋಗಬೇಕು, ಹಬ್ಬದ ಮುಂಚೆ ಎಲ್ಲರೂ ಒಟ್ಟಿಗೇ ಅಲ್ಲಿರುತ್ತಾರೆ. ಎರಡು ಮೂರು ಪ್ಯಾಡ್ ಹೋಗಿದೆ ಅಂತ ಚೆನ್ನಾಗಿರುವ ಕ್ಲಾರಿನೆಟ್ಟನ್ನು ಅಟ್ಟಕ್ಕೆ ಹಾಕಿದ ಮನೆಗಳು ನನಗೆ ಗೊತ್ತು. ನೋಡಿದರೆ ಹೊಟ್ಟೆ ಉರಿಯುತ್ತದೆ. ಈ ಕೆಲಸ ಮನೆಯಲ್ಲಿ ಕೂತು ಮಾಡಬಹುದು. ಕೈಚಳಕಕ್ಕಿಂತ ತಾಳ್ಮೆ ಜಾಸ್ತಿ ಬೇಕು. ಮತ್ತೆ ಒಂದು ಮಾತು ಈಗಲೇ ಹೇಳುತ್ತೇನೆ, ಉಳಿದದ್ದೆಲ್ಲ ಮರೆತರೂ ಇದನ್ನು ಮರೀಬೇಡಿ: ಹದಿನೇಳು ಕೀಯನ್ನೂ ಒಟ್ಟಿಗೆ ಬಿಚ್ಚಿ ಹರವಬೇಡಿ. ಒಂದು ಕೀ ಬಿಚ್ಚಿ, ಪ್ಯಾಡ್ ಹಾಕಿ, ವಾಪಸ್ ಕೂರಿಸಿ, ಸೋರಿಕೆ ನೋಡಿ, ಸರಿಯಾದ ಮೇಲೆಯೇ ಮುಂದಿನದಕ್ಕೆ ಕೈ ಹಾಕಿ.

ಮೊದಲು, ತಪ್ಪು ಪ್ಯಾಡ್‌ನದ್ದೇ ಅಂತ ಖಾತ್ರಿ ಮಾಡಿಕೊಳ್ಳಿ. ಬೆಳಕಿರುವ ಕಿಟಕಿ ಹತ್ತಿರ ಕೂತು ಪ್ರತಿ ಕೀಯನ್ನೂ ಎತ್ತಿ ಪ್ಯಾಡ್‌ನ ಮುಖ ನೋಡಿ. ಹಳದಿ ಬಣ್ಣಕ್ಕೆ ತಿರುಗಿದ್ದರೆ ಅದೊಂದೇ ಕಾರಣಕ್ಕೆ ಬದಲಿಸಬೇಕಾಗಿಲ್ಲ. ಪೊರೆ ಹರಿದು ಫೆಲ್ಟ್‌ನ ನೂಲು ಹೊರಗೆ ಬಂದಿದ್ದರೆ, ಅಂಚಿನಲ್ಲಿ ಹುಳ ತಿಂದ ಗುರುತಿದ್ದರೆ, ಉಗುರಿನಲ್ಲಿ ಮೆಲ್ಲಗೆ ಒತ್ತಿದಾಗ ಕಲ್ಲಿನ ಹಾಗೆ ಗಟ್ಟಿಯಾಗಿದ್ದರೆ, ಅಥವಾ ಪ್ಯಾಡ್ ಬಟ್ಟಲಿಂದ ಅಲ್ಲಾಡುತ್ತಿದ್ದರೆ ಬದಲಿಸಿ. ಎತ್ತುವಾಗ ಅಂಟಿ ‘ಟಪ್’ ಅನ್ನುತ್ತಿದ್ದರೆ ಅದು ಬರೀ ಜಿಗುಟು ಇರಬಹುದು. ಚಹಾ, ಜ್ಯೂಸ್ ಕುಡಿದು ಬಾಯಿ ತೊಳೆಯದೆ ಊದಿದರೆ ಹೀಗಾಗುತ್ತದೆ. ಅಂಥ ಪ್ಯಾಡ್ ಕೆಳಗೆ ಸಿಗರೇಟ್ ಸುತ್ತುವ ತೆಳು ಕಾಗದ ಇಟ್ಟು, ಕೀ ಮುಚ್ಚಿ, ತೇವ ಹೀರಲು ಬಿಡಿ. ಪೌಡರ್ ಹಾಕಬೇಡಿ, ಅದು ಪ್ಯಾಡ್ ಮೇಲೆ ಕೂತು ಇನ್ನಷ್ಟು ಸೋರುತ್ತದೆ.

ಆಮೇಲೆ ಹೀರಿ ನೋಡುವ ಪರೀಕ್ಷೆ. ಮೇಲಿನ ಜಾಯಿಂಟ್, ಅಂದ್ರೆ ಕೀಗಳಿರುವ ಎರಡು ತುಂಡುಗಳಲ್ಲಿ ಮೇಲಿನದು, ಅದೊಂದನ್ನೇ ತೆಗೆದುಕೊಳ್ಳಿ. ಎಡಗೈ ಬೆರಳುಗಳಿಂದ ಮೂರು ತೂತು, ಹೆಬ್ಬೆರಳಿನಿಂದ ಹಿಂದಿನ ತೂತು ಮುಚ್ಚಿ. ಕೆಳಗಿನ ತುದಿಗೆ ಬಲ ಅಂಗೈ ಒತ್ತಿ ಹಿಡಿಯಿರಿ. ಮೇಲಿನ ತುದಿಗೆ ಬಾಯಿ ಇಟ್ಟು ಗಾಳಿ ಹೀರಿ. ಎಲ್ಲ ಸರಿ ಇದ್ದರೆ ಒಳಗೆ ಗಾಳಿಯಿಲ್ಲದೆ ತುಟಿ ಎಳೆದ ಹಾಗಾಗುತ್ತದೆ, ಕೆಲವು ಸೆಕೆಂಡು ಹಾಗೇ ನಿಲ್ಲುತ್ತದೆ. ಸೋರಿದರೆ ಆ ಹಿಡಿತ ತಕ್ಷಣ ಬಿಡುತ್ತದೆ. ಕೆಳಗಿನ ಜಾಯಿಂಟಿಗೂ ಹೀಗೇ, ಕಿರುಬೆರಳಿನ ಕೀಗಳನ್ನೂ ಒತ್ತಿ ಹಿಡಿದು. ಎಲ್ಲ ಪ್ಯಾಡ್ ಹೊಸದಾಗಿ ಕಾಣುತ್ತಿದ್ದೂ ಸೋರಿಕೆ ಇದ್ದರೆ ತೂತಿನ ಅಂಚು ನೋಡಿ. ಅಂಚಿನಲ್ಲಿ ಚಿಕ್ಕ ಚೂರು ಹಾರಿಹೋಗಿದ್ದರೆ, ಮರದ ಕ್ಲಾರಿನೆಟ್ಟಾದರೆ ಬಿರುಕು ಬಿಟ್ಟಿದ್ದರೆ, ಹೊಸ ಪ್ಯಾಡ್ ಹಾಕಿ ಏನೂ ಪ್ರಯೋಜನ ಇಲ್ಲ. ಅದು ರಿಪೇರಿಯವರ ಕೆಲಸವೇ.

ಪ್ಯಾಡ್ ಕೊಳ್ಳುವಾಗ ಅಳತೆ ಮುಖ್ಯ. ಅಂಗಡಿಯಲ್ಲಿ, ಆನ್‌ಲೈನ್‌ನಲ್ಲಿ 17 ಪ್ಯಾಡ್‌ಗಳ ಸೆಟ್ ಸಿಗುತ್ತದೆ. ಆದರೆ ಒಂದು ಕಂಪನಿಯ ಸೆಟ್ ಇನ್ನೊಂದು ಕಂಪನಿಯ ಕ್ಲಾರಿನೆಟ್ಟಿಗೆ ಪೂರ್ತಿ ಹೊಂದುತ್ತದೆ ಅಂತ ನಂಬಬೇಡಿ. ಮೇರಠ್‌ನಲ್ಲಿ ತಯಾರಾದ ಬ್ಯಾಂಡ್ ಕ್ಲಾರಿನೆಟ್ ಆದರಂತೂ ಅಳತೆ ತೆಗೆದೇ ಕೊಳ್ಳಿ. ವರ್ನಿಯರ್ ಕ್ಯಾಲಿಪರ್ ಇದ್ದರೆ ಹಳೇ ಪ್ಯಾಡ್ ತೆಗೆದ ಮೇಲೆ ಬಟ್ಟಲಿನ ಒಳಗಿನ ಅಗಲ ಅಳೆಯಿರಿ. ಹಳೇ ಪ್ಯಾಡನ್ನೇ ಅಳೆದರೆ ಅದು ಉಬ್ಬಿಯೋ ಕುಗ್ಗಿಯೋ ಇರುತ್ತದೆ. ಪ್ಯಾಡ್‌ಗಳು ಅರ್ಧ ಅರ್ಧ ಮಿಲಿಮೀಟರ್ ವ್ಯತ್ಯಾಸದಲ್ಲಿ ಬರುತ್ತವೆ. ಮೇಲಿನ ಜಾಯಿಂಟಿನವು ಹೆಚ್ಚಾಗಿ 9ರಿಂದ 11 ಮಿಲಿಮೀಟರ್ ಆಸುಪಾಸು, ಕೆಳಗಿನ ದೊಡ್ಡವು 16–17ರ ಹತ್ತಿರ. ಬಟ್ಟಲಿಗೆ ಸಲೀಸಾಗಿ ಇಳಿಯಬೇಕು, ಅತ್ತಿತ್ತ ಜಾರಬಾರದು. ದಪ್ಪವೂ ಹಳೆಯದರಷ್ಟೇ ಇರಲಿ. ದಪ್ಪದ ವಿಷಯಕ್ಕೆ ಆಮೇಲೆ ಮತ್ತೆ ಬರುತ್ತೇನೆ, ಹೊಸಬರು ಸಿಕ್ಕಿಬೀಳುವುದು ಅಲ್ಲೇ.

ಚರ್ಮದ ಪ್ಯಾಡ್, ಸಿಂಥೆಟಿಕ್ ಪ್ಯಾಡ್, ಕಾರ್ಕ್ ಪ್ಯಾಡ್ ಅಂತ ಬೇರೆ ಬಗೆಯವೂ ಇವೆ. ನಮ್ಮ ಹವೆಗೆ ಕಾರ್ಕ್ ಒಳ್ಳೆಯದು, ನೀರು ಹೀರುವುದಿಲ್ಲ. ಹಿಂದೆ ಹೆಬ್ಬೆರಳಿನಿಂದ ಒತ್ತುವ ರಿಜಿಸ್ಟರ್ ಕೀಗೆ ನೀರು ಜಾಸ್ತಿ ಬರುವುದರಿಂದ ತುಂಬಾ ಜನ ಅಲ್ಲಿ ಕಾರ್ಕ್ ಹಾಕುತ್ತಾರೆ. ಆದರೆ ಕಾರ್ಕ್ ಫೆಲ್ಟಿನಷ್ಟು ಬಗ್ಗುವುದಿಲ್ಲ, ಕೂದಲೆಳೆಯಷ್ಟು ಓರೆಯಾದರೂ ಸೋರುತ್ತದೆ. ಮೊದಲ ಸಲಕ್ಕೆ ಮಾಮೂಲಿ ಫಿಶ್ ಸ್ಕಿನ್ ಪ್ಯಾಡೇ ಸಾಕು, ಎರಡು ಪೊರೆಯದ್ದು ಸಿಕ್ಕಿದರೆ ಒಳ್ಳೆಯದು.

ಉಳಿದ ಸಾಮಾನು ಜಾಸ್ತಿ ಏನಿಲ್ಲ. ವಾಚ್ ರಿಪೇರಿಯ ಸಣ್ಣ ಸ್ಕ್ರೂಡ್ರೈವರ್ ಸೆಟ್, ಸ್ಪ್ರಿಂಗ್ ಎಳೆಯಲು ಕ್ರೋಶಾ ಕಡ್ಡಿ, ಸ್ಪಿರಿಟ್ ಲ್ಯಾಂಪ್, ಹಲ್ಲುಕಡ್ಡಿ, ಸೂಜಿ, ಸ್ಪಿರಿಟ್ಟಲ್ಲಿ ಒದ್ದೆ ಮಾಡಲು ಹತ್ತಿಬಟ್ಟೆ, ಹೊಲಿಗೆ ಮೆಷಿನ್ ಎಣ್ಣೆ. ಅಂಟಿಗೆ ಶೆಲಾಕ್ ಕಡ್ಡಿ, ಅಂದ್ರೆ ಶುದ್ಧ ಅರಗು. ಅಕ್ಕಸಾಲಿಗರ ಹತ್ತಿರ ಇರುವ ಅರಗು ಬೇಡ, ಅದರಲ್ಲಿ ಬೇರೆ ಪುಡಿ ಬೆರೆಸಿರುತ್ತಾರೆ. ಶೆಲಾಕ್ ಸಿಗದಿದ್ದರೆ ಸ್ಟೇಷನರಿ ಅಂಗಡಿಯ ಹಾಟ್ ಗ್ಲೂ ಕಡ್ಡಿಯನ್ನು ಸಣ್ಣಗೆ ಕತ್ತರಿಸಿ ಬಳಸಬಹುದು. ಹೊಸಬರಿಗೆ ಒಂದು ಲೆಕ್ಕದಲ್ಲಿ ಅದೇ ಸುಲಭ. ಫೆವಿಕ್ವಿಕ್ ಮಾತ್ರ ಬೇಡವೇ ಬೇಡ. ಬಿಸಿ ಮಾಡಿ ಮತ್ತೆ ಸರಿಪಡಿಸಲು ಆಗುವ ಅಂಟೇ ಬೇಕು, ಈ ಕೆಲಸದ ಜೀವ ಇರುವುದೇ ಆ ಸರಿಪಡಿಸುವುದರಲ್ಲಿ.

ಯಾವ ಕೀಯಿಂದ ಶುರು ಮಾಡುವುದು? ನನ್ನನ್ನು ಕೇಳಿದರೆ ಕೆಳಗಿನ ಜಾಯಿಂಟಿನ ಎ ಫ್ಲಾಟ್–ಇ ಫ್ಲಾಟ್ ಕೀ. ಪ್ಯಾಡ್ ದೊಡ್ಡದು, ಕಣ್ಣಿಗೆ ಸರಿಯಾಗಿ ಕಾಣುತ್ತದೆ, ಒತ್ತದೆ ಇದ್ದಾಗ ಮುಚ್ಚಿಕೊಂಡೇ ಇರುತ್ತದೆ, ಬೇರೆ ಕೀಯ ಗೊಡವೆ ಇಲ್ಲ. ಬೋಮ್ ಕ್ಲಾರಿನೆಟ್ಟಿನಲ್ಲಿ ಹೀಗೆ ಮುಚ್ಚಿಕೊಂಡಿರುವ ಕೀಗಳು 11, ತೆರೆದುಕೊಂಡಿರುವವು 6. ಮುಚ್ಚಿಕೊಂಡಿರುವ ಹನ್ನೊಂದನ್ನು ಮೊದಲು ಕಲಿಯಿರಿ. ತೆರೆದಿರುವ ಆರು ಒಂದಕ್ಕೊಂದು ಕೊಂಡಿ ಹಾಕಿಕೊಂಡಿವೆ, ಅವು ಕೊನೆಗೆ. ನಿಮ್ಮದು ಹಳೇ ಆಲ್ಬರ್ಟ್ ಸಿಸ್ಟಮ್ ಕ್ಲಾರಿನೆಟ್ ಆದರೆ ಕೀಗಳ ಲೆಕ್ಕ, ಜೋಡಣೆ ಬೇರೆ, ಆದರೆ ಪ್ಯಾಡ್ ಹಾಕುವ ಕ್ರಮ ಇದೇ.

ಬಿಚ್ಚುವ ಮೊದಲು ನಾಲ್ಕೂ ಕಡೆಯಿಂದ ಫೋನ್‌ನಲ್ಲಿ ಫೋಟೋ ತೆಗೆದಿಡಿ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಫ್ಯಾನ್ ಆರಿಸಿ. ಸ್ಕ್ರೂ ಕೆಳಗೆ ಬಿದ್ದರೆ ಸಿಮೆಂಟ್ ನೆಲದಲ್ಲಿ ಹುಡುಕಬಹುದು, ಹಂಚಿನ ಮನೆಯ ಮಣ್ಣಿನ ಜಗಲಿಯಲ್ಲಿ ಕೂತರೆ ಅದು ಹೋಯಿತು ಅಂತಲೇ ಲೆಕ್ಕ. ಸೂಜಿಯ ಹಾಗಿರುವ ಸ್ಪ್ರಿಂಗ್ ಇದ್ದರೆ ಕ್ರೋಶಾ ಕಡ್ಡಿಯಿಂದ ಅದನ್ನು ಕೀಯ ಕೊಕ್ಕೆಯಿಂದ ಮೆಲ್ಲಗೆ ಬಿಡಿಸಿ. ಸ್ಕ್ರೂವಿನ ತಲೆಯ ಸೀಳಿಗೆ ಸರಿಯಾಗಿ ತುಂಬುವ ಸ್ಕ್ರೂಡ್ರೈವರೇ ಹಾಕಿ, ಸಣ್ಣದು ಹಾಕಿದರೆ ಸೀಳು ಹಾಳು. ಕೀ ತಿರುಗುವ ಉದ್ದ ರಾಡ್ ಹೊರಗೆ ಬಂದ ಮೇಲೆ ಕೀ ಕೈಗೆ ಬರುತ್ತದೆ. ಬಿಚ್ಚಿದ ರಾಡನ್ನು ಒಂದು ಥರ್ಮೊಕೋಲ್ ತುಂಡಿಗೆ ಚುಚ್ಚಿ, ಪಕ್ಕದಲ್ಲಿ ಕೀಯ ಹೆಸರು ಬರೆಯಿರಿ.

ಈಗ ಹಳೇ ಪ್ಯಾಡ್. ಕೀಯನ್ನು ಇಕ್ಕಳದಲ್ಲಿ ಹಿಡಿದು ಬಟ್ಟಲಿನ ಬೆನ್ನಿಗೆ ಮಾತ್ರ ಜ್ವಾಲೆ ತಾಗಿಸಿ. ಕೆಲವೇ ಸೆಕೆಂಡು, ಆಡಿಸುತ್ತಾ ಇರಿ. ಚಪ್ಪಟೆ ಸ್ಪ್ರಿಂಗ್ ಇರುವ ಕೀ ಆದರೆ ಸ್ಪ್ರಿಂಗ್‌ಗೆ ಬಿಸಿ ತಾಗಬಾರದು, ತಾಗಿದರೆ ಅದರ ಬಿಗಿ ಹೋಗುತ್ತದೆ. ಕೀಯ ಕೆಳಗಿರುವ ಕಾರ್ಕ್ ತುಂಡಿಗೂ ಬೆಂಕಿ ತಾಗದಿರಲಿ. ಅಂಟು ಕರಗಿದ ಕೂಡಲೇ ಸೂಜಿಯಿಂದ ಎಬ್ಬಿಸಿದರೆ ಪ್ಯಾಡ್ ಎದ್ದು ಬರುತ್ತದೆ. ಅದನ್ನು ಎಸೆಯುವ ಮೊದಲು ಒಂದು ಸಲ ತಿರುಗಿಸಿ ನೋಡಿ. ತೂತಿನ ಅಂಚು ಒತ್ತಿದ ಕಂದು ಬಣ್ಣದ ವೃತ್ತ ಒಂದು ಕಡೆ ಆಳವಾಗಿ, ಇನ್ನೊಂದು ಕಡೆ ಇದೆಯೋ ಇಲ್ಲವೋ ಅನ್ನುವಷ್ಟು ತೆಳುವಾಗಿ ಇದ್ದರೆ ಆ ಪ್ಯಾಡ್ ಶುರುವಿನಿಂದಲೂ ಓರೆಯಾಗಿ ಕೂತಿತ್ತು ಅಂತ ಅರ್ಥ. ಹೊಸದನ್ನು ಕೂರಿಸುವಾಗ ಎಲ್ಲಿ ಗಮನ ಕೊಡಬೇಕು ಅಂತ ಅದೇ ಹೇಳಿಕೊಡುತ್ತದೆ. ಬಟ್ಟಲಲ್ಲಿ ಉಳಿದ ಅಂಟನ್ನು ಹಲ್ಲುಕಡ್ಡಿಯಿಂದ ಕೆರೆದು, ಕೀ ಪೂರ್ತಿ ತಣ್ಣಗಾದ ಮೇಲೆ ಸ್ಪಿರಿಟ್ ಬಟ್ಟೆಯಿಂದ ಒರೆಸಿ. ಲ್ಯಾಂಪ್ ಉರಿಯುತ್ತಿರುವಾಗ ಸ್ಪಿರಿಟ್ ಬಾಟಲಿ ಮೇಜಿನ ಮೇಲೆ ಇರಲೇಬಾರದು. ಮಕ್ಕಳು ಈ ಕೆಲಸ ಮಾಡುವುದಾದರೆ ದೊಡ್ಡವರು ಪಕ್ಕದಲ್ಲಿ ಇರಲಿ.

ಹೊಸ ಪ್ಯಾಡ್‌ನ ಪಕ್ಕಕ್ಕೆ, ಮುಖಕ್ಕೆ ಅಲ್ಲ, ಸೂಜಿಯಿಂದ ಒಂದೇ ಒಂದು ಸಣ್ಣ ತೂತು ಚುಚ್ಚಿ. ಇಲ್ಲದಿದ್ದರೆ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಪೊರೆ ಉಬ್ಬುತ್ತದೆ. ಅಂಟು ಎಷ್ಟು ಅಂದ್ರೆ ಸಣ್ಣ ಪ್ಯಾಡಿಗೆ ಅರ್ಧ ಹೆಸರುಕಾಳಿನಷ್ಟು ಸಾಕು, ದೊಡ್ಡದಕ್ಕೆ ರಟ್ಟಿನ ಹಿಂಬದಿಯನ್ನು ತೆಳುವಾಗಿ ಮುಚ್ಚುವಷ್ಟು. ಅಂಟನ್ನು ಬಟ್ಟಲಲ್ಲಿ ಹಾಕಿ ಬೆನ್ನು ಬಿಸಿ ಮಾಡಿ, ಕರಗಿ ಹೊಳೆಯಲು ಶುರುವಾದಾಗ ಬೆಂಕಿಯಿಂದ ತೆಗೆದು ಪ್ಯಾಡ್ ಇಡಿ. ಸ್ವಲ್ಪ ಎಡಕ್ಕೆ ಬಲಕ್ಕೆ ತಿರುಗಿಸಿದರೆ ಅಂಟು ಎಲ್ಲ ಕಡೆ ಹರಡುತ್ತದೆ. ಚಪ್ಪಟೆ ಗಾಜಿನ ತುಂಡಿನ ಮೇಲೆ ಮುಖ ಕೆಳಗಾಗಿ ಇಟ್ಟು ಒತ್ತದೆ ನೋಡಿ, ಬಟ್ಟಲಿನ ಅಂಚಿನಿಂದ ಸುತ್ತಲೂ ಒಂದೇ ಎತ್ತರದಲ್ಲಿ ಪ್ಯಾಡ್ ಹೊರಗೆ ಕಾಣಬೇಕು. ತಣ್ಣಗಾದ ಮೇಲೆ ರಾಡಿಗೆ ಒಂದು ಸಣ್ಣ ಹನಿ ಮೆಷಿನ್ ಎಣ್ಣೆ ಸವರಿ ಕೀ ವಾಪಸ್ ಹಾಕಿ, ಸ್ಪ್ರಿಂಗನ್ನು ಕೊಕ್ಕೆಗೆ ಸೇರಿಸಿ.

ಇಲ್ಲಿಯವರೆಗಿನದ್ದು ಅರ್ಧ ಕೆಲಸ. ನಿಜವಾದ ಕೆಲಸ ಈಗ.

ಸಿಗರೇಟ್ ಕಾಗದವನ್ನು ಮೂರು ನಾಲ್ಕು ಮಿಲಿಮೀಟರ್ ಅಗಲಕ್ಕೆ ಕತ್ತರಿಸಿ ಪಟ್ಟಿ ಮಾಡಿ. ಹಳೇ ಕ್ಯಾಸೆಟ್‌ನ ಟೇಪ್ ಇದ್ದರೆ ಅದೂ ಆಗುತ್ತದೆ. ಪಟ್ಟಿಯ ತುದಿಯನ್ನು ಪ್ಯಾಡ್‌ನ ಮುಂಭಾಗದ ಅಂಚಿನ ಕೆಳಗೆ ಮಾತ್ರ ಇಟ್ಟು, ಕೀಯನ್ನು ಅದರ ಸ್ಪ್ರಿಂಗ್‌ನ ಬಲಕ್ಕೇ ಬಿಟ್ಟು, ಪಟ್ಟಿಯನ್ನು ಮೆಲ್ಲಗೆ ಎಳೆಯಿರಿ. ಹಿಡಿದುಕೊಂಡ ಅನುಭವ ಆಗಬೇಕು. ಹಾಗೇ ಹಿಂದೆ, ಎಡಕ್ಕೆ, ಬಲಕ್ಕೆ. ನಾಲ್ಕೂ ಕಡೆ ಹಿಡಿತ ಒಂದೇ ಥರ ಇದ್ದರೆ ಪ್ಯಾಡ್ ಕೂತಿದೆ. ಹಿಂದೆ ಬಿಗಿಯಾಗಿ ಹಿಡಿದು ಮುಂದೆ ಸುಮ್ನೆ ಜಾರಿಬಂದರೆ ಪ್ಯಾಡ್ ಹಿಂದೆ ಎತ್ತರ ಇದೆ, ಅಂದ್ರೆ ರಾಡಿನ ಕಡೆ. ಬೆರಳಿನಿಂದ ಬಲವಾಗಿ ಒತ್ತಿ ಹಿಡಿದು ‘ಸರಿಯಾಯ್ತು’ ಅನ್ನಬೇಡಿ. ಒತ್ತಿದರೆ ಯಾವ ಪ್ಯಾಡೂ ಮುಚ್ಚುತ್ತದೆ, ನುಡಿಸುವಾಗ ಒತ್ತಲು ಅಲ್ಲಿ ಸ್ಪ್ರಿಂಗ್ ಬಿಟ್ಟು ಬೇರೆ ಯಾರೂ ಇರುವುದಿಲ್ಲ.

ಓರೆಯಾಗಿದ್ದರೆ ಕೀ ಬಿಚ್ಚಿ, ಬಟ್ಟಲು ಬಿಸಿ ಮಾಡಿ, ಎತ್ತರ ಇರುವ ಕಡೆಯನ್ನು ಸೂಜಿಯ ಬೆನ್ನಿನಿಂದ ಕೂದಲೆಳೆಯಷ್ಟು ಒಳಗೆ ತಳ್ಳಿ, ಮತ್ತೆ ಹಾಕಿ, ಮತ್ತೆ ಪಟ್ಟಿ ಎಳೆದು ನೋಡಿ. ಹಲವು ಸಲ ಬೇಕಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ನುರಿತವರು ಕೀಯನ್ನು ವಾದ್ಯದ ಮೇಲೇ ಇಟ್ಟು ಸಣ್ಣ ಜ್ವಾಲೆಯಿಂದ ಬಿಸಿ ಮಾಡುತ್ತಾರೆ. ಅದನ್ನು ನೋಡಿ ನೀವು ಮಾಡಲು ಹೋಗಬೇಡಿ, ಪ್ಲಾಸ್ಟಿಕ್ ಕ್ಲಾರಿನೆಟ್ ಒಂದು ಕ್ಷಣದಲ್ಲಿ ಕರಗುತ್ತದೆ, ಮರದ್ದು ಸುಡುತ್ತದೆ. ಸೋಲ್ಡರಿಂಗ್ ಐರನ್ ಇದ್ದರೆ ಚೊಕ್ಕ ತುದಿಯನ್ನು ಬಟ್ಟಲಿನ ಬೆನ್ನಿಗೆ ಸ್ವಲ್ಪ ಹೊತ್ತು ತಾಗಿಸಿದರೂ ಅಂಟು ಮೆತ್ತಗಾಗುತ್ತದೆ, ಬೆಂಕಿಯ ಭಯ ಕಡಿಮೆ. ಸರಿಯಾಗಿ ಕೂತ ಮೇಲೆ ಕೀಯ ಮೇಲೆ ಒಂದು ಸಡಿಲ ರಬ್ಬರ್ ಬ್ಯಾಂಡ್ ಹಾಕಿ ರಾತ್ರಿ ಬಿಡಿ. ತೂತಿನ ಅಂಚಿನ ತೆಳು ಗುರುತು ಪ್ಯಾಡ್ ಮೇಲೆ ಬೀಳುತ್ತದೆ. ಬಿಗಿಯಾಗಿ ಕಟ್ಟಿದರೆ ಗುರುತು ಆಳವಾಗಿ ಪ್ಯಾಡ್ ಬೇಗ ಹಾಳಾಗುತ್ತದೆ.

ದಪ್ಪದ ವಿಷಯ ಹೇಳುತ್ತೇನೆ ಅಂದಿದ್ದೆ. ರಾಡಿನಿಂದ ತಿರುಗುವ ಬಟ್ಟಲಿನಲ್ಲಿ ಪ್ಯಾಡ್ ದಪ್ಪ ಆದರೆ ಹಿಂಭಾಗ ಮೊದಲು ತಾಗಿ ಮುಂಭಾಗ ಎದ್ದೇ ಇರುತ್ತದೆ. ತೆಳು ಆದರೆ ಮುಂಭಾಗ ಮೊದಲು ತಾಗುತ್ತದೆ. ತೆಳು ಪ್ಯಾಡಿಗೆ ಹಿಂದೆ ಸ್ವಲ್ಪ ಅಂಟು ಜಾಸ್ತಿ ಹಾಕಿ ಎತ್ತರಿಸಬಹುದು, ದಪ್ಪದ್ದನ್ನು ಏನೂ ಮಾಡಲಾಗದು. ಅನುಮಾನ ಇದ್ದರೆ ತೆಳುವಾದದ್ದನ್ನೇ ಕೊಳ್ಳಿ. ಬೆರಳಿನ ತೂತಿನ ಸುತ್ತ ಉಂಗುರ ಇರುವ ಕೀಗಳಲ್ಲಿ ಇದು ಇನ್ನೂ ಸೂಕ್ಷ್ಮ. ಬೆರಳು ಉಂಗುರವನ್ನು ಒತ್ತಿ ತೂತಿಗೆ ತಾಗುವ ಹೊತ್ತಿಗೇ ದೂರದಲ್ಲಿರುವ ಪ್ಯಾಡೂ ಮುಚ್ಚಬೇಕು. ಪ್ಯಾಡ್ ದಪ್ಪವಿದ್ದರೆ ಉಂಗುರ ಮೇಲೇ ನಿಂತು ಬೆರಳಿನ ಕೆಳಗೆ ಗಾಳಿ ಹೋಗುತ್ತದೆ. ತೆಳುವಿದ್ದರೆ ಬೆರಳು ತೂತಿಗೆ ತಾಗಿ ನಿಂತರೂ ಪ್ಯಾಡ್ ಇನ್ನೂ ತೆರೆದೇ ಇರುತ್ತದೆ. ಒತ್ತಿದಾಗ ಉಂಗುರ ತೂತಿನ ಅಂಚಿನ ಮಟ್ಟಕ್ಕೆ ಅಥವಾ ಅದಕ್ಕಿಂತ ಒಂದು ಚೂರು ಮೇಲೆ ನಿಲ್ಲಬೇಕು.

ಕೊಂಡಿ ಇರುವ ಕೀಗಳಲ್ಲಿ ಮೂರು ಕಡೆ ಕಣ್ಣಿಡಿ. ಮೇಲಿನ ಜಾಯಿಂಟಿನ ಎ ಕೀ ಮೇಲೆ ಒಂದು ಪುಟ್ಟ ಸ್ಕ್ರೂ ಇದೆ, ಅದು ಜಿ ಶಾರ್ಪ್ ಕೀಯನ್ನು ತಾಗುತ್ತದೆ. ಹೊಸ ಪ್ಯಾಡ್ ಹಾಕಿದ ಮೇಲೆ ಅದು ಬಿಗಿಯಾಗಿದ್ದರೆ ಎರಡರಲ್ಲಿ ಒಂದು ಪ್ಯಾಡ್ ಪೂರ್ತಿ ಕೂರುವುದಿಲ್ಲ, ನೀವು ಪ್ಯಾಡ್ ಸರಿಯಿಲ್ಲ ಅಂತ ಗಂಟೆಗಟ್ಟಲೆ ಒದ್ದಾಡುತ್ತೀರಿ. ಈ ಎರಡು ಕೀಗೆ ಕೈ ಹಾಕುವ ಮೊದಲೇ ಸ್ಕ್ರೂ ಒಂದು ಸುತ್ತು ಸಡಿಲಿಸಿ, ಕೊನೆಗೆ ಎರಡರ ನಡುವೆ ತೆಳು ಕಾಗದದಷ್ಟು ಸಂದು ಉಳಿಯುವ ಹಾಗೆ ತಿರುಗಿಸಿ. ಎರಡನೆಯದು ಎರಡು ಜಾಯಿಂಟ್ ಸೇರುವಲ್ಲಿನ ಬ್ರಿಜ್. ಕೆಳಗಿನ ಉಂಗುರ ಒತ್ತಿದಾಗ ಕೆಳಗಿನ ಪ್ಯಾಡೂ ಬ್ರಿಜ್ ಮೂಲಕ ಮೇಲಿನ ಪ್ಯಾಡೂ ಒಟ್ಟಿಗೇ ಮುಚ್ಚಬೇಕು. ಮೂರನೆಯದು ಕಿರುಬೆರಳಿನ ಕೀಗಳು. ಲೋ ಇ ಒತ್ತಿದರೆ ಅದರ ಪ್ಯಾಡ್ ಜೊತೆ ಎಫ್ ಪ್ಯಾಡೂ ಅದೇ ಕ್ಷಣಕ್ಕೆ ಕೂರಬೇಕು. ಎರಡೂ ಪ್ಯಾಡ್ ಕೆಳಗೆ ಒಂದೊಂದು ಕಾಗದದ ಪಟ್ಟಿ ಇಟ್ಟು, ಒಂದೇ ಕೀ ಒತ್ತಿ, ಎರಡನ್ನೂ ಎಳೆದು ನೋಡಿ. ಒಂದು ಜಾರಿದರೆ ಅದನ್ನು ಸರಿ ಮಾಡಲು ಲೋಹ ಬಗ್ಗಿಸಬೇಕಾಗುತ್ತದೆ ಅಥವಾ ಕೀ ಕೆಳಗಿನ ಕಾರ್ಕ್ ಬದಲಿಸಬೇಕಾಗುತ್ತದೆ. ಮೊದಲ ಸಲ ಮಾಡುವವರು ತೆರೆದುಕೊಂಡಿರುವ ಆ ಆರು ಕೀಗಳನ್ನು ರಿಪೇರಿಯವರಿಗೇ ಬಿಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಹನ್ನೊಂದು ನೀವೇ ಮಾಡಿ ಕೊಂಡುಹೋದರೂ ಖರ್ಚು, ಸಮಯ ಎರಡೂ ಉಳಿಯುತ್ತದೆ.

ಎಲ್ಲ ಮುಗಿದ ಮೇಲೆ ಮತ್ತೆ ಹೀರಿ ನೋಡಿ. ನಂತರ ಮೆತ್ತಗೆ ಲೋ ಇ ಊದಿ. ಜೋರಾಗಿ ಊದಿದರೆ ಸಣ್ಣ ಸೋರಿಕೆ ಗೊತ್ತಾಗದು, ಪಿಸುಗುಡುವಷ್ಟು ಮೆತ್ತಗೆ ಊದಿದಾಗಲೂ ಆ ಸ್ವರ ಒಡೆಯದೆ ನಿಂತರೆ ಕೆಲಸ ಆಯಿತು. ಮೊದಲ ಕೆಲವು ವಾರ ಪ್ಯಾಡ್ ಸ್ವಲ್ಪ ಕೂರುತ್ತಾ ಹೋಗುತ್ತದೆ, ಹಾಗಾಗಿ ಹಬ್ಬದ ಹಿಂದಿನ ದಿನಕ್ಕೆ ಈ ಕೆಲಸ ಇಟ್ಟುಕೊಳ್ಳಬೇಡಿ. ಆಗಸ್ಟ್ ಶುರುವಿನಲ್ಲೇ ಮಾಡಿ, ದಿನಾ ಸ್ವಲ್ಪ ನುಡಿಸಿ, ಆಮೇಲೆ ಇನ್ನೊಂದು ಸಲ ಕಾಗದದ ಪಟ್ಟಿ ಎಳೆದು ನೋಡಿ.

ಹೊಸ ಪ್ಯಾಡ್ ಉಳಿಯಬೇಕಾದರೆ ನುಡಿಸಿದ ಮೇಲೆ ಒಳಗೆ ಬಟ್ಟೆ ಎಳೆದು ಒರೆಸದೆ ಪೆಟ್ಟಿಗೆಗೆ ಹಾಕಬೇಡಿ. ಒದ್ದೆ ಬಟ್ಟೆಯನ್ನು ಅದೇ ಪೆಟ್ಟಿಗೆಯಲ್ಲಿ ತುರುಕುವುದೂ ಬೇಡ. ಮಳೆಗಾಲದಲ್ಲಿ ಪೆಟ್ಟಿಗೆಯಲ್ಲಿ ಎರಡು ಮೂರು ಸಿಲಿಕಾ ಜೆಲ್ ಪೊಟ್ಟಣ ಇಡಿ, ವಾರಕ್ಕೊಮ್ಮೆಯಾದರೂ ತೆಗೆದು ನುಡಿಸಿ. ಮರದ ಕ್ಲಾರಿನೆಟ್ಟಾದರೆ ಒಣಗಿಸಬೇಕು ಅಂತ ಒಲೆ ಹತ್ತಿರ, ಅಡಿಕೆ ಒಣಗಿಸುವ ಬಿಸಿಲಿಗೆ ಇಡಬೇಡಿ, ಬಿರುಕು ಬಿಡುತ್ತದೆ. ಸೆಟ್‌ನಲ್ಲಿ ಉಳಿದ ಪ್ಯಾಡ್‌ಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ, ಯಾವ ಕೀಗೆ ಎಷ್ಟು ಮಿಲಿಮೀಟರ್ ಅಂತ ಬರೆದ ಚೀಟಿಯನ್ನೂ ಅದರೊಳಗೇ ಇಡಿ.